ಗೋಲು ಕಾಯ್ದ ಕಂಡಕ್ಟರ್ ನೀಲವ್ವ

ಗಜೇಂದ್ರಗಡದ ‘ಗಡದ ಗಾಳಿ’ ತಂಡ ಲೀಗಿನ ಮೊದಲ ಮೂರು ಪಂದ್ಯಗಳನ್ನು ಸೋತ ವಾರವೇ ಅದರ ಗೋಲ್‌ಕೀಪರ್ ಹುಡುಗಿಗೆ ಪೊಲೀಸ್ ಕೆಲಸದ ಆದೇಶ ಬಂತು. ಆಕೆ ತನ್ನ ಗಾಲಿಬೂಟು, ಮೊಣಕಾಲಿನ ಪಟ್ಟಿ, ದಪ್ಪ ಕೈಗವಸುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಪ್ರಹ್ಲಾದ ಮಾಸ್ತರರ ಕೈಗಿತ್ತು, ಕಾಲು ಮುಟ್ಟಿ ನಮಸ್ಕರಿಸಿ ತರಬೇತಿಗೆ ಹೊರಟುಹೋದಳು. ಮಾಸ್ತರರು ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ರೋಣಕ್ಕೆ ಹೋಗುವ ಸಂಜೆಯ ಬಸ್ಸು ಹತ್ತಿದರು.

ರೋಲರ್ ಹಾಕಿ ಈ ಭಾಗಕ್ಕೆ ಬಂದು ಮೂರೇ ವರ್ಷವಾಗಿತ್ತು. ಕಾಲಿಗೆ ಗಾಲಿಬೂಟು ಕಟ್ಟಿಕೊಂಡು, ಬಾಗಿದ ಕೋಲಿನಿಂದ ಗಟ್ಟಿ ಚೆಂಡನ್ನು ಹೊಡೆಯುವ ಆಟ; ಒಂದೊಂದು ಕಡೆ ಐದೈದು ಮಂದಿ. ರೋಣ, ನರಗುಂದ, ನರೇಗಲ್, ಗಜೇಂದ್ರಗಡದ ವ್ಯಾಪಾರಸ್ಥರು ಸೇರಿ ಹೆಂಗಸರ ಲೀಗ್ ಶುರುಮಾಡಿದ್ದರು. ಆಡುವವರಿಗೆ ಪಂದ್ಯಕ್ಕಿಷ್ಟು ಎಂದು ಸಂಭಾವನೆಯೂ ಇತ್ತು. ಪ್ರತಿ ತಂಡ ಉಳಿದ ಮೂರು ತಂಡಗಳೊಂದಿಗೆ ಮೂರು ಮೂರು ಸಲ ಆಡಬೇಕು. ಒಂಬತ್ತು ಪಂದ್ಯ ಮುಗಿದಾಗ ಮೇಲಿರುವ ಎರಡು ತಂಡಗಳಿಗೆ ಫೈನಲ್. ಗಡದ ಗಾಳಿಯ ಮಾಲೀಕ ಶೇಂಗಾ ವ್ಯಾಪಾರಿ ಸಿದ್ದಲಿಂಗ ಸಾಹುಕಾರ. ಅಂಗಳವೆಂದರೆ ಎಪಿಎಂಸಿಯ ಹರಾಜು ಕಟ್ಟೆ: ನುಣ್ಣನೆಯ ಸಿಮೆಂಟು, ಮೇಲೆ ತಗಡು. ತಂಡದ ತರಬೇತುದಾರ ಪ್ರಹ್ಲಾದ ಮಾಸ್ತರರು ನಿವೃತ್ತ ದೈಹಿಕ ಶಿಕ್ಷಕರು. ಊರು ರೋಣವಾದರೂ ರೋಣದ ತಂಡದವರು ಅವರಿಗೆ ವಯಸ್ಸಾಯಿತೆಂದು ಕರೆದಿರಲಿಲ್ಲ. ಕರೆದವರು ಸಾಹುಕಾರರು.

ಬಸ್ಸು ಊರು ದಾಟಿ ಎರಡು ಮೈಲಿ ಹೋಗಿರಲಿಲ್ಲ, ಕುರಿಹಿಂಡು ಅಡ್ಡ ಬಂತು. ಡ್ರೈವರ್ ಜೋರಾಗಿ ಬ್ರೇಕ್ ಒತ್ತಿದ. ನಿಂತವರೆಲ್ಲ ಮುಂದಕ್ಕೆ ಬಿದ್ದರು, ಕೂತವರು ಎದುರಿನ ಸೀಟಿಗೆ ಹಣೆ ಬಡಿದುಕೊಂಡರು. ಮೇಲಿನ ಹಲಗೆಯಲ್ಲಿದ್ದ ಯಾರದೋ ಕುಂಬಳಕಾಯಿ ಚೀಲದಿಂದ ಜಾರಿ, ಕೆಳಗೆ ಕೂತಿದ್ದ ಮುದುಕಿಯ ತಲೆಯ ನೇರಕ್ಕೆ ಬಂತು. ಅದನ್ನು ಕಂಡಕ್ಟರ್ ಎಡಗೈಯಲ್ಲಿ ಹಿಡಿದಳು. ಬಲಗೈಯಲ್ಲಿ ಟಿಕೇಟಿನ ಯಂತ್ರ ಇತ್ತು. ಆಕೆ ಯಾವ ಕಂಬಿಯನ್ನೂ ಹಿಡಿದಿರಲಿಲ್ಲ.

“ಯಾರದ್ರಿ ಇದು? ತೊಡಿ ಮ್ಯಾಲ ಇಟ್ಕೋಳ್ರಿ,” ಎಂದು ಕಾಯಿ ಕೊಟ್ಟು ಆಕೆ ಮುಂದಿನ ಸೀಟಿಗೆ ಹೋದಳು.

ಮಾಸ್ತರರು ಚೀಲ ಹಿಡಿದು ಎದ್ದೇಬಿಟ್ಟರು.

“ಬಾಯಾರ, ಈ ಲೈನಿನ್ಯಾಗ ಎಷ್ಟು ವರ್ಷ ಆತು ನಿಮಗ?”

“ಹನ್ನೊಂದು ಆತ್ರಿ ಸರ್. ಯಾಕ್ರಿ?”

“ಒಂದ್ಸಲನೂ ಬಿದ್ದಿಲ್ಲೇನು?”

“ನಾ ಬಿದ್ರ ಟಿಕೇಟ್ ಯಾರು ಕೊಡಬೇಕ್ರಿ?” ಎಂದು ಆಕೆ ನಕ್ಕಳು.

ಆಕೆಯೇ ನೀಲವ್ವ. ಮೂವತ್ತೈದು ವರ್ಷ, ಗಟ್ಟಿ ದನಿ, ಗಟ್ಟಿ ಮೈ. ಗಂಡ ಶಿವನಪ್ಪ ಗಜೇಂದ್ರಗಡದಲ್ಲಿ ಸೀರೆ ನೇಯುತ್ತಿದ್ದ. ತಂಡದ ಗೋಲು ಕಾಯಲು ಮಾಸ್ತರರು ಕರೆದದ್ದನ್ನು ಮನೆಗೆ ಹೋಗಿ ಹೇಳಿದಾಗ ಅವನು ಮಗ್ಗ ನಿಲ್ಲಿಸಿ ಕೇಳಿದ.

“ಈ ವಯಸ್ಸಿನ್ಯಾಗ ಗಾಲಿಬೂಟೇನು? ಹಲ್ಲು ಮುರಕೊಂಡ್ರ?”

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಅತ್ತೆ ಹೊನ್ನವ್ವ ಅಲ್ಲಿಂದಲೇ ಉತ್ತರ ಕೊಟ್ಟಳು. “ಹಲ್ಲು ಆಕೀವು, ಮುರಕೊಂಡ್ರ ಆಕಿ ಮುರಕೋತಾಳ. ನೀ ಸುಮ್ನ ನೇಯಿ. ಹೋಗವಾ ನೀಲಾ, ನೋಡಿ ಬಾ.”

ನೀಲವ್ವ ಡಿಪೋದಲ್ಲಿ ಅರ್ಜಿ ಕೊಟ್ಟು ಒಪ್ಪಿಗೆ ಪಡೆದಳು. ಭಾನುವಾರದ ಪಾಳಿಯನ್ನು ಪರಶು ಎಂಬ ಜೊತೆಗಾರ ಬದಲಿಸಿಕೊಂಡ. ಆದರೆ ಮೊದಲ ಸಂಜೆ ಗಾಲಿಬೂಟು ಕಟ್ಟಿಕೊಂಡು ನಿಂತಾಗ, ಬಸ್ಸಿನಲ್ಲಿ ಎಂದೂ ಬೀಳದವಳು ಹರಾಜು ಕಟ್ಟೆಯ ಮೇಲೆ ಎಣಿಸಲಾರದಷ್ಟು ಸಲ ಬಿದ್ದಳು. ಪ್ರತಿ ಸಲವೂ ನಗುತ್ತ ಎದ್ದಳು. ಗೋಲಿನ ಮುಂದೆ ಕೂಡಿಸಿದ ಮೇಲೆ ಮಾತ್ರ ಮಾಸ್ತರರಿಗೆ ಬೇಕಾದದ್ದು ಕಂಡಿತು: ಮುಖದ ಕಡೆಗೆ ಚೆಂಡು ಬಂದರೆ ಈ ಹೆಂಗಸು ಕಣ್ಣು ಮುಚ್ಚುತ್ತಿರಲಿಲ್ಲ.

ತಂಡದ ಬಹುತೇಕ ಗೋಲುಗಳನ್ನು ಹೊಡೆಯುತ್ತಿದ್ದವಳು ರಾಜೇಶ್ವರಿ. ಇಪ್ಪತ್ಮೂರರ ಚುರುಕು ಹುಡುಗಿ. ಅವಳಿಗೆ ಈ ಆಯ್ಕೆ ಹಿಡಿಸಲಿಲ್ಲ. “ಮಾಸ್ತರ್ರ, ಇಲ್ಲಿ ಬಸ್ ಓಡಂಗಿಲ್ಲ, ಚೆಂಡು ಓಡತೈತಿ,” ಎಂದಳು, ನೀಲವ್ವನಿಗೆ ಕೇಳುವಂತೆಯೇ.

ಲೀಗಿಗೆ ಮೂರು ವಾರ ಬಿಡುವಿತ್ತು. ಆ ಮೂರು ವಾರದ ಅಭ್ಯಾಸದ ನಂತರ ನರೇಗಲ್ಲಿನ ಮೇಲೆ ನೀಲವ್ವನ ಮೊದಲ ಪಂದ್ಯ. ಗಡದ ಗಾಳಿ ಏಳು ಗೋಲುಗಳಿಂದ ಸೋತಿತು. ತಂಡ ತಾನು ಒಂದೂ ಗೋಲು ಹೊಡೆಯಲಿಲ್ಲ. ಕಟ್ಟೆಯ ಸುತ್ತ ನಿಂತ ನರೇಗಲ್ಲಿನವರಲ್ಲಿ ಯಾರೋ “ರೈಟ್ ರೈಟ್!” ಎಂದು ಕೂಗಿದರು, ಎಲ್ಲರೂ ನಕ್ಕರು. ನೀಲವ್ವ ಮನೆಗೆ ಬಂದು ಊಟ ಮಾಡದೆ ಮಲಗಿದಳು.

ಮರುದಿನ ಬೆಳಿಗ್ಗೆ ಐದೂವರೆಗೆ ರಾಜೇಶ್ವರಿ ಎಂದಿನಂತೆ ಒಬ್ಬಳೇ ಅಭ್ಯಾಸಕ್ಕೆ ಬಂದಾಗ ಗೋಲಿನ ಮುಂದೆ ನೀಲವ್ವ ಪಟ್ಟಿ ಕಟ್ಟಿಕೊಂಡು ಕೂತಿದ್ದಳು.

“ಹೊಡಿ,” ಎಂದಳು.

“ಏನ್ ಹೊಡೀಲ್ರಿ?”

“ಏಳು ಚೆಂಡು ಹ್ಯಾಂಗ ಒಳಗ ಹೋದವು ಅಂತ ನನಗ ತಿಳೀಬೇಕು. ಏಳಕ್ಕ ನನ್ನ ಡ್ಯೂಟಿ ಐತಿ. ಲಗೂ ಹೊಡಿ.”

ರಾಜೇಶ್ವರಿ ಹೊಡೆದಳು. ಮೊದಲು ಸಿಟ್ಟಿನಿಂದ, ಆಮೇಲೆ ಲೆಕ್ಕವಿಟ್ಟು, ಆಮೇಲೆ ಮನಸ್ಸಿಟ್ಟು. ನಾಲ್ಕನೆಯ ಬೆಳಿಗ್ಗೆ ತಾನೇ ಬಂದು ನೀಲವ್ವನ ಎದುರು ಕುಕ್ಕರಗಾಲಿನಲ್ಲಿ ಕೂತಳು. “ಅಕ್ಕಾ, ನೀವು ಸ್ಟಿಕ್ ನೋಡತೀರಿ. ಸ್ಟಿಕ್ ಸುಳ್ಳು ಹೇಳತೈತಿ. ಹೆಗಲು ನೋಡ್ರಿ. ಹೆಗಲು ಎತ್ತಾಗ ತಿರಗತೈತೋ ಚೆಂಡು ಅತ್ತಾಗ.”

ಅಂದಿನಿಂದ ನೀಲವ್ವ ಹೆಗಲು ನೋಡತೊಡಗಿದಳು. ಬಸ್ಸಿನಲ್ಲಿ ಚಿಲ್ಲರೆಗಾಗಿ ಜೇಬಿಗೆ ಕೈ ಹಾಕುವವರ ಹೆಗಲನ್ನೂ ನೋಡತೊಡಗಿದಳು.

ಐದನೆಯ ಪಂದ್ಯದಲ್ಲಿ ನರಗುಂದದ ‘ಬಂಡಾಯ’ ತಂಡವನ್ನು ಎರಡು–ಒಂದರಿಂದ ಗೆದ್ದರು. ಅದು ಗಡದ ಗಾಳಿಯ ಮೊದಲ ಗೆಲುವು. ಸಿದ್ದಲಿಂಗ ಸಾಹುಕಾರರು ಭಯಕ್ಕೆ ಪಂದ್ಯದುದ್ದಕ್ಕೂ ಕಣ್ಣು ಮುಚ್ಚಿಕೊಂಡು ಕೂಡುತ್ತಿದ್ದರು. ಅಂದು ಕೊನೆಯ ಸೀಟಿ ಊದಿದ ಮೇಲೂ ಕಣ್ಣು ತೆರೆಯದೆ “ಏನಾತು? ಏನಾತು ಹೇಳ್ರಿ!” ಎಂದು ಪಕ್ಕದವರ ತೋಳು ಜಗ್ಗಿದರು. ಹೊನ್ನವ್ವ ಮುಂದಿನ ವಾರ ಮನೆಯಿಂದ ಸ್ಟೀಲ್ ತಾಟು, ಸವಟು ತಂದಳು. ಸೊಸೆ ಚೆಂಡು ತಡೆದಾಗಲೆಲ್ಲ ಬಾರಿಸುತ್ತಿದ್ದಳು. ಆಕೆಯನ್ನು ನೋಡಿ ಓಣಿಯ ಹೆಂಗಸರೂ ತಾಟು ತಂದರು. ಯಾರಿಗೂ ಸೋಲದ ರೋಣ ಆ ಸದ್ದಿನಲ್ಲೇ ಮೂರು–ಎರಡರಿಂದ ಸೋತಿತು. ಅದರ ಮುಂದಿನ ವಾರ ನರೇಗಲ್ಲಿಗೇ ಹೋಗಿ ನರೇಗಲ್ಲನ್ನೂ ಸೋಲಿಸಿ ಬಂದರು. “ರೈಟ್ ರೈಟ್!” ಎಂಬ ಕೂಗು ಈಗಲೂ ಏಳುತ್ತಿತ್ತು, ಆದರೆ ಈಗ ಅದನ್ನು ಕೂಗುತ್ತಿದ್ದವರು ಗಡದವರು.

ಲೀಗಿನ ನಿಯಮದಂತೆ ಏಳನೆಯ ಪಂದ್ಯ ಮುಗಿದ ವಾರದಲ್ಲಿ ಯಾರು ಬೇಕಾದರೂ ತಂಡ ಬದಲಿಸಬಹುದಿತ್ತು. ಆ ಬುಧವಾರ ನೀಲವ್ವನ ನರಗುಂದದ ಬಸ್ಸಿಗೆ ರಾಜೇಶ್ವರಿ ದೊಡ್ಡ ಬ್ಯಾಗಿನೊಂದಿಗೆ ಹತ್ತಿದಳು. ಹೆಂಗಸರಿಗೆ ಉಚಿತ ಟಿಕೇಟಾದ್ದರಿಂದ ಆಧಾರ್ ಕಾರ್ಡು ತೋರಿಸಿ, “ನರಗುಂದ,” ಎಂದಳು.

“ಏನೈತಿ ಅಲ್ಲಿ? ಬೀಗರ ಊರೇನು?”

“ಸಾಲ್ಯಾಗ ಪಿ.ಟಿ. ಟೀಚರ್ ಕೆಲಸ ಐತ್ರಿ ಅಕ್ಕಾ. ಬಂಡಾಯ ತಂಡದ ಮಾಲೀಕರದೇ ಸಾಲಿ.” ರಾಜೇಶ್ವರಿ ತಲೆ ತಗ್ಗಿಸಿದಳು. “ಅವರ ಕಡೆ ಆಡಬೇಕಂತ. ಮಾಸ್ತರಿಗೆ ಇನ್ನೂ ಹೇಳಿಲ್ಲ. ನಿಮಗ ಮೊದಲು ಹೇಳಾಕತ್ತೀನಿ.”

ನೀಲವ್ವ ಟಿಕೇಟು ಹರಿದು ಕೊಟ್ಟಳು. ಮುಂದೆ ಹೋಗಿ ಡ್ರೈವರನ ಪಕ್ಕ ನಿಂತವಳು ರೋಣ ದಾಟುವ ತನಕ ಹಿಂತಿರುಗಿ ನೋಡಲಿಲ್ಲ. ನರಗುಂದದ ನಿಲ್ದಾಣದಲ್ಲಿ ರಾಜೇಶ್ವರಿ ಇಳಿದು ನಾಲ್ಕು ಹೆಜ್ಜೆ ಹೋಗಿದ್ದಳು.

“ಏ ಹುಡುಗಿ! ನಾಷ್ಟಾ ಮಾಡೀಯೋ ಇಲ್ಲೋ?” ಎಂದು ನೀಲವ್ವನ ದನಿ ಕೇಳಿತು.

ಇಬ್ಬರೂ ನಿಲ್ದಾಣದ ಎದುರಿನ ಅಂಗಡಿಯಲ್ಲಿ ನಿಂತು ಗಿರಮಿಟ್ಟು ತಿಂದರು. “ಕೆಲಸ ಬಿಡಬ್ಯಾಡ. ಚಲೋ ಆಡು,” ಎಂದಳು ನೀಲವ್ವ. “ನನ್ನ ಎದರಿಗೆ ಬಂದ್ರೂ ಚಲೋನ ಆಡು. ಕೈ ತಡದಿ ಅಂದ್ರ ನೋಡು ಮತ್ತ!”

ಮುಂದಿನ ಭಾನುವಾರ ರೋಣದವರು ಆರು–ಒಂದರಿಂದ ಹಿಂದಿನ ಸೋಲನ್ನು ತೀರಿಸಿಕೊಂಡರು. ಗೋಲು ಹೊಡೆಯುವವರೇ ಇಲ್ಲದ ತಂಡದಲ್ಲಿ ಹುಡುಗಿಯರು ಒಬ್ಬರನ್ನೊಬ್ಬರು ಬೈದುಕೊಂಡರು. ಮಾಸ್ತರರು ಎರಡು ದಿನ ಅಭ್ಯಾಸಕ್ಕೆ ಬರಲಿಲ್ಲ. ಮೂರನೆಯ ದಿನ ಬಂದವರೇ, ಹಿಂದೆ ನಿಂತು ರಕ್ಷಣೆ ಮಾಡುತ್ತಿದ್ದ ಹೊಲಿಗೆ ಕೆಲಸದ ಮುನೀರಾಳನ್ನು ಕರೆದರು.

“ನಾಳಿಂದ ನೀ ಮುಂದ ಆಡಬೇಕು.”

“ನಾ ಈ ವರ್ಷ ಒಂದೂ ಗೋಲ್ ಹೊಡದಿಲ್ರಿ ಸರ್.”

“ಅದಕ್ಕ ನಿನ್ನ ಯಾರೂ ಕಾಯೂದಿಲ್ಲ. ಅದ ನಮಗ ಬೇಕಾಗೇದ.”

ಒಂಬತ್ತನೆಯ ಪಂದ್ಯ ಗಜೇಂದ್ರಗಡದಲ್ಲೇ, ಬಂಡಾಯದ ಮೇಲೆ. ರೋಣ ಆಗಲೇ ಫೈನಲ್ ಸೇರಿತ್ತು. ನರೇಗಲ್ ತನ್ನ ಕೊನೆಯ ಪಂದ್ಯವನ್ನು ಅವರಿಗೇ ಸೋತು ಹೊರಬಿದ್ದಿತ್ತು. ಎರಡನೆಯ ಸ್ಥಾನಕ್ಕೆ ಗಡ ಮತ್ತು ನರಗುಂದ ಸಮಸಮ ನಿಂತಿದ್ದವು, ಅಂದು ಗೆದ್ದವರಿಗೆ ಫೈನಲ್. ಹರಾಜು ಕಟ್ಟೆಯ ಸುತ್ತ ಜನ ಮೂಟೆಗಳ ಮೇಲೆ, ಟ್ರ್ಯಾಕ್ಟರುಗಳ ಮೇಲೆ ಏರಿದ್ದರು. ಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ರಾಜೇಶ್ವರಿ ನರಗುಂದದ ಕೆಂಪು ಅಂಗಿಯಲ್ಲಿ ಬಂದಾಗ ಕೆಲವರು ಕೂಗಾಡಿದರು. ಹೊನ್ನವ್ವ ತಾಟು ಎತ್ತಿ ಗದರಿಸಿದಳು. “ಯಾರಲೇ ಅದು? ನಮ್ಮೂರ ಹುಡುಗಿ ಆಕಿ. ಸುಮ್ನಿರ್ರಿ!”

ರಾಜೇಶ್ವರಿ ಕೈ ತಡೆಯಲಿಲ್ಲ. ಮೊದಲ ಹತ್ತು ನಿಮಿಷದಲ್ಲೇ ಎರಡು ಗೋಲು ಹೊಡೆದಳು. ಗಡದವರು ಹರಸಾಹಸ ಮಾಡಿ ಎರಡನ್ನೂ ತೀರಿಸಿದರು. ಇನ್ನು ಮೂರು ನಿಮಿಷ ಇದೆ ಎನ್ನುವಾಗ ಗಡದ ಹುಡುಗಿಯೊಬ್ಬಳ ಕೋಲು ಎದುರಾಳಿಯ ಕಾಲಿಗೆ ಸಿಕ್ಕಿ, ನರಗುಂದಕ್ಕೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವಳು ರಾಜೇಶ್ವರಿಯೇ.

ತಾಟುಗಳು ನಿಂತವು. ಸಾಹುಕಾರರು ಕಣ್ಣಿನ ಮೇಲೆ ಎರಡೂ ಕೈ ಒತ್ತಿಕೊಂಡರು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ಎಷ್ಟೋ ಬೆಳಗುಗಳಲ್ಲಿ ನೋಡಿದ ಮುಖಗಳೇ. ರಾಜೇಶ್ವರಿ ಓಡಿ ಬಂದಳು, ಕೋಲನ್ನು ಎಡಕ್ಕೆ ಬೀಸಿದಳು. ಅವಳ ಹೆಗಲು ಮಾತ್ರ ಬಲಕ್ಕೆ ತಿರುಗಿತ್ತು. ನೀಲವ್ವ ಹೆಗಲು ತಿರುಗಿದ ಕಡೆಗೇ ಇಡೀ ಮೈ ಚೆಲ್ಲಿದಳು. ಚೆಂಡು ಆಕೆಯ ಮೊಣಕಾಲಿನ ಪಟ್ಟಿಗೆ ಬಡಿದು ಹೊರಗೆ ಚಿಮ್ಮಿತು.

ಅದು ಹೋಗಿದ್ದು ಮುನೀರಾಳ ಹತ್ತಿರ. ಅವಳ ಮುಂದೆ ನರಗುಂದದ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರಲಿಲ್ಲ, ಯಾಕೆಂದರೆ ಅವಳನ್ನು ಯಾರೂ ಕಾದಿರಲಿಲ್ಲ. ಮುನೀರಾ ಹೊಲಿಗೆಯಂತ್ರದ ಸೂಜಿಯಷ್ಟೇ ನೇರವಾಗಿ ಹೋಗಿ ವರ್ಷದ ತನ್ನ ಮೊದಲ ಗೋಲು ಹೊಡೆದಳು. ಹೊಡೆದ ಮೇಲೆ ನಿಲ್ಲುವುದು ತಿಳಿಯದೆ ಗೋಲಿನ ಬಲೆಯೊಳಗೇ ಹೋಗಿ ಸಿಕ್ಕಿಕೊಂಡಳು. ಮೂರು–ಎರಡು. ಉಳಿದ ನಿಮಿಷಗಳು ತಾಟಿನ ಸದ್ದಿನಲ್ಲಿ ಯಾರಿಗೂ ತಿಳಿಯದೆ ಕಳೆದವು.

ಪಂದ್ಯ ಮುಗಿದ ಮೇಲೆ ರಾಜೇಶ್ವರಿ ಬಂದು ನೀಲವ್ವನ ಹೆಲ್ಮೆಟ್ಟಿಗೆ ಮೆಲ್ಲಗೆ ಗುದ್ದಿದಳು. ಕಣ್ಣಲ್ಲಿ ನೀರಿತ್ತು. “ನಾನ ಕಲಿಸಿ ನಾನ ಕೆಟ್ಟೆ ನೋಡ್ರಿ ಅಕ್ಕಾ,” ಎಂದು ನಕ್ಕಳು. ನೀಲವ್ವ ಅವಳನ್ನು ಎಳೆದು ಅಪ್ಪಿಕೊಂಡಳು.

ಫೈನಲ್ ರೋಣದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಮಾಸ್ತರರ ಓಣಿಯವರೆಲ್ಲ ಅವರನ್ನು ಸೋಲಿಸಲೆಂದೇ ಬಂದು ಕೂತಿದ್ದರು. ಗಡದವರು ಮೊದಲ ಗೋಲು ಹೊಡೆದು ಅವರ ಬಾಯಿ ಕಟ್ಟಿದರು. ಆದರೆ ರೋಣದವರೇ ಬಲಶಾಲಿಗಳು. ನಾಲ್ಕು–ಎರಡರಿಂದ ಗೆದ್ದರು. ಕಪ್ ಅವರದಾಯಿತು. ಅವರ ತಂಡದವರೇ ಬಂದು, ಮುಂದಿನ ವರ್ಷ ನಮ್ಮ ಕಡೆ ಬರಬೇಕೆಂದು ಮಾಸ್ತರರನ್ನು ಕೇಳಿದರು. “ನನಗ ವಯಸ್ಸಾಗೇದ್ರಪಾ,” ಎಂದು ಮಾಸ್ತರರು ಮೀಸೆಯೊಳಗೆ ನಕ್ಕರು.

ಮಧ್ಯಾಹ್ನ ತಂಡದವರು, ಹೊನ್ನವ್ವ ಎಲ್ಲರೂ ಒಂದೇ ಟ್ರ್ಯಾಕ್ಸ್ ಗಾಡಿಯಲ್ಲಿ ಊರಿಗೆ ಹೊರಟರು. ಊರ ಬಾಯಿಗೆ ಬಂದಾಗ ಎಲ್ಲರೂ ಗಾಬರಿಯಾದರು. ರಸ್ತೆ ತುಂಬ ಜನ. ಹಲಗೆ ಬಾರಿಸುತ್ತಿದ್ದರು. ಗುಲಾಲು ಎರಚಾಡುತ್ತಿದ್ದರು. ರಸ್ತೆಯುದ್ದಕ್ಕೂ ಪಟಾಕಿ ಸರ ಹಾಸಿತ್ತು. ಪಂದ್ಯದ ಅರ್ಧದಲ್ಲಿ ಗಡ ಮುಂದಿದ್ದಾಗಲೇ ಯಾರೋ ಮೊಬೈಲಿನಲ್ಲಿ ‘ಗೆದ್ದೇವಿ’ ಎಂದು ಊರಿಗೆಲ್ಲ ಕಳಿಸಿಬಿಟ್ಟಿದ್ದರು.

“ಈಗ ಏನ್ ಮಾಡೂದು?” ಸಾಹುಕಾರರು ಪಿಸುಗುಟ್ಟಿದರು. “ಹೇಳಬ್ಯಾಡ್ರಿ. ಪಟಾಕಿ ತಂದಾರ, ಪಾಪ.”

“ಹೆಂಗ್ರಿ ಸುಳ್ಳು ಹೇಳೂದು?” ನೀಲವ್ವ ಬಾಗಿಲು ತೆರೆದು, ಗಾಡಿಯ ಮೆಟ್ಟಿಲ ಮೇಲೆ ನಿಂತು ಕೂಗಿದಳು. “ಕೇಳ್ರೆಪ್ಪೋ! ನಾವು ಸೋತೇವಿ! ನಾಕು–ಎರಡು!”

ಹಲಗೆ ನಿಂತಿತು. ಮುಂದೆ ನಿಂತವರು ಹಿಂದಿನವರಿಗೆ ತಿಳಿಸಿದರು. ಕಡ್ಡಿ ಗೀರಿದವನು ಅದನ್ನು ಆರಿಸಬೇಕೋ ಬೇಡವೋ ತಿಳಿಯದೆ ಬೆರಳು ಸುಟ್ಟುಕೊಂಡ. ಆಗ ಗಾಡಿಯ ಹಿಂದಿನಿಂದ ಹೊನ್ನವ್ವ ತಾಟು ಹಿಡಿದು ಇಳಿದಳು.

“ಸೋತ್ರ ಏನಾತು? ಹೋದ ವರ್ಷ ಎಲ್ಲಾರಕಿಂತ ಕೆಳಗ ಇದ್ವಿ. ಈ ವರ್ಷ ಫೈನಲ್ ಆಡಿ ಬಂದಾರ ಹುಡಿಗ್ಯಾರು! ಹಚ್ರೋ ಪಟಾಕಿ!”

ಆಮೇಲೆ ಶಿವನಪ್ಪ ಜನರ ನಡುವಿನಿಂದ ಬಂದು, ಕಡ್ಡಿ ಪೆಟ್ಟಿಗೆ ಕಸಿದುಕೊಂಡು ಸರಕ್ಕೆ ತಾನೇ ಕಿಡಿ ತಗುಲಿಸಿದ. ಹಲಗೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ನೀಲವ್ವನ ಮುಖ, ಕೂದಲು, ಹಲ್ಲು ಎಲ್ಲ ಗುಲಾಲಾಯಿತು. ಮಾಸ್ತರರನ್ನು ನಾಲ್ವರು ಹಮಾಲರು ಹೆಗಲ ಮೇಲೆ ಎತ್ತಿದರು. ಸಾಹುಕಾರರು ಈ ಸಲ ಕಣ್ಣು ಮುಚ್ಚದೆ ಎಲ್ಲವನ್ನೂ ನೋಡಿದರು.

ಮೆರವಣಿಗೆ ಹರಾಜು ಕಟ್ಟೆಗೆ ಬಂದು ಮುಗಿದಾಗ ಇನ್ನೂ ಬಿಸಿಲಿತ್ತು. ಹೊನ್ನವ್ವ ಕಟ್ಟೆಯ ಅಂಚಿನಲ್ಲಿ ಕೂತು ಸೀರೆಯ ನಿರಿಗೆ ಸಿಕ್ಕಿಸಿಕೊಂಡಳು.

“ನೀಲಾ, ಆ ಬೂಟು ನನಗ ಕಟ್ಟು. ಒಂದ ಸುತ್ತು.”

“ಅತ್ತಿ, ಬೀಳ್ತೀರಿ!”

“ಬಿದ್ರ ಎತ್ತಾಕ ನೀವು ಇಷ್ಟು ಮಂದಿ ಇಲ್ಲೇನು?”

ಒಂದು ಕೈಯನ್ನು ನೀಲವ್ವ ಹಿಡಿದಳು, ಇನ್ನೊಂದನ್ನು ಮುನೀರಾ. ಅರವತ್ತೆಂಟರ ಹೊನ್ನವ್ವ ಮೊದಲು ಹೆದರಿ ಕಿರುಚಿದಳು, ಆಮೇಲೆ ನಗುತ್ತ ಕಿರುಚಿದಳು. ಸುತ್ತಲಿದ್ದವರೆಲ್ಲ ದಾರಿ ಬಿಟ್ಟುಕೊಟ್ಟರು. ಮೂವರೂ ಕಟ್ಟೆಯ ಆ ತುದಿಗೆ ಹೋಗಿ, ತಿರುಗಿ, ಈ ತುದಿಗೆ ಬಂದರು. “ಇನ್ನೊಂದು ಸುತ್ತು,” ಎಂದಳು ಹೊನ್ನವ್ವ.