ರೈಟಣ್ಣನ ನೇರಳೆ ಹೆಬ್ಬೆರಳು

ತಮ್ಮನ ಹೆಬ್ಬೆರಳು ಕಂಡರೆ ಸಾಕು, ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ತಮ್ಮ ಬಸ್ ಕಂಡಕ್ಟರ್. ಹದಿನೆಂಟು ವರ್ಷದಿಂದ "ರೈಟ್, ರೈಟ್" ಎಂದು ಕೂಗಿ ಕೂಗಿ ಅವನ ಹೆಸರೇ ರೈಟಣ್ಣ ಎಂದಾಗಿಹೋಗಿತ್ತು. ಟಿಕೆಟ್ ಮಷೀನು ಕೆಟ್ಟು ಎರಡು ವಾರವಾಗಿತ್ತು. ರಿಪೇರಿ ಅಂಗಡಿ ಬಾಗಿಲು ಹಾಕಿದ್ದರಿಂದ ಡಿಪೋದವರು ಹಳೇ ಕಾಗದದ ಟಿಕೆಟ್ ಕಟ್ಟನ್ನೇ ಮತ್ತೆ ಅವನ ಕೈಗೆ ಕೊಟ್ಟಿದ್ದರು. ಶುರುವಾಯಿತು ನೋಡಿ ಹಳೇ ಚಾಳಿ! ಹೆಬ್ಬೆರಳು ನಾಲಿಗೆಗೆ, ನಾಲಿಗೆಯಿಂದ ಟಿಕೆಟ್ಟಿಗೆ, ಟಿಕೆಟ್ಟು ಪ್ರಯಾಣಿಕರ ಕೈಗೆ. ದಿನಕ್ಕೆ ಮುನ್ನೂರು ಸಲ.

ಬೇರೆ ಕಾಲವಾಗಿದ್ದರೆ ಅಕ್ಕ ಮುಖ ಸಿಂಡರಿಸಿ ಸುಮ್ಮನಾಗುತ್ತಿದ್ದಳು. ಆದರೆ ಅವು ಹೊಸ ಜ್ವರ ಊರೂರಿಗೆ ಕಾಲಿಡುತ್ತಿದ್ದ ಮೊದಲ ವಾರಗಳು. ಅದಕ್ಕೆ ಔಷಧ ಗೊತ್ತಿರಲಿಲ್ಲ, ಲಸಿಕೆ ಬಂದಿರಲಿಲ್ಲ. ಕೆಮ್ಮಿದರೆ, ಹತ್ತಿರ ನಿಂತು ಮಾತಾಡಿದರೆ, ಬಾಯಿಯಿಂದ ಹೊರಟ ಹನಿಗಳಿಂದ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಎಂಬುದಷ್ಟೇ ಗೊತ್ತಿತ್ತು. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಜ್ವರ ಬಂದವರ ಪಾಡನ್ನು ಅವಳು ದಿನವೂ ಕಣ್ಣಾರೆ ನೋಡುತ್ತಿದ್ದಳು.

ಆ ಆಸ್ಪತ್ರೆಯ ದಾರಿಯಲ್ಲಿ ಓಡುತ್ತಿದ್ದ ಐದು ಬಸ್ಸುಗಳಲ್ಲಿ ನಾಲ್ಕು ನಿಂತಿದ್ದವು. ಉಳಿದದ್ದು ರೈಟಣ್ಣನದು ಒಂದೇ. ಆ ಬಸ್ಸಿನಲ್ಲೇ ಸೋಮವಾರ, ಗುರುವಾರ ಅವರ ಅಮ್ಮನೂ ಹೋಗಬೇಕು. ಅಮ್ಮನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಮಷೀನಿನಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು, ಡಯಾಲಿಸಿಸ್ ಅನ್ನುತ್ತಾರಲ್ಲ, ಅದು. ಒಂದು ಸಲ ತಪ್ಪಿದರೆ ಕಾಲು ಊದಿಕೊಳ್ಳುತ್ತಿತ್ತು. ಎರಡು ಸಲ ತಪ್ಪಿದರೆ ಏನಾಗುತ್ತದೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಡಿಪೋ ಮ್ಯಾನೇಜರ್ ರೈಟಣ್ಣನಿಗೆ ಮೊದಲೇ ಹೇಳಿಬಿಟ್ಟಿದ್ದರು: "ನಿಮಗೂ ಡ್ರೈವರ್‌ಗೂ ಬದಲಿ ಯಾರೂ ಇಲ್ಲ. ಇಬ್ಬರಲ್ಲಿ ಯಾರಿಗೆ ಜ್ವರ ಬಂದ್ರೂ ಎರಡು ವಾರ ಬಸ್ ನಿಲ್ಲುತ್ತೆ."

ಎರಡು ವಾರ ಎಂದರೆ ನಾಲ್ಕು ಡಯಾಲಿಸಿಸ್.

ಆ ಗುರುವಾರ ಬೆಳಗ್ಗೆ ಅಡುಗೆಮನೆಯಲ್ಲೇ ಜಗಳ ಹತ್ತಿಕೊಂಡಿತು.

"ನಿನ್ನೆ ಎಷ್ಟು ಜನರನ್ನ ಹತ್ತಿಸಿದ್ಯೋ?" ಎಂದಳು ಅಕ್ಕ.

"ಹತ್ತಿದಷ್ಟು ಜನ."

"ಐವತ್ತು ಸೀಟಿನ ಬಸ್ಸಲ್ಲಿ ಇಪ್ಪತ್ತೈದೇ ಜನ ಅಂತ ಆರ್ಡರ್ ಇದೆ. ಓದೋಕೆ ಬರಲ್ವಾ ನಿನಗೆ?"

"ಬರುತ್ತಕ್ಕಾ. ಇಪ್ಪತ್ತಾರನೆಯವಳು ತರಕಾರಿ ಬುಟ್ಟಿ ಹೊತ್ಕೊಂಡು ನಿಂತಿದ್ಲು. ಅವಳಿಗೆ ಓದಿ ಹೇಳ್ಬೇಕಿತ್ತಾ? ಮಾರುಕಟ್ಟೆಗೆ ಹೋಗದಿದ್ರೆ ಅವಳ ಮನೇಲಿ ಒಲೆ ಉರಿಯಲ್ಲ. ನಿನಗೇನು, ತಿಂಗಳಾದ್ರೆ ಸಂಬಳ. ಎಲ್ಲಾ ಮುಚ್ಚಿ, ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ ಅಂತೀಯ."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ರೇಗಿತು.

"ಬಸ್ ನಿಲ್ಲಿಸು ಅಂತ ನಾನೆಲ್ಲಿ ಹೇಳ್ದೆ? ನಿಲ್ಲಬಾರದು ಅಂತಾನೇ ಬಡ್ಕೊಳ್ತಿರೋದು! ಕಿಟಕಿ ತೆಗಿ ಅಂದೆ, ಧೂಳು ಬರುತ್ತೆ ಅಂದೆ ನೀನು. ಮಾಸ್ಕ್ ಹಾಕೋ ಅಂದೆ, ಗಡ್ಡಕ್ಕೆ ಹಾಕ್ಕೊಂಡಿದ್ದೀಯ. ಗಡ್ಡಕ್ಕೆ ಜ್ವರ ಬರುತ್ತೇನೋ?"

"ಮೂಗಿಗೆ ಹಾಕ್ಕೊಂಡ್ರೆ ಸೀಟಿ ಊದೋದು ಹೇಗೆ?"

"ಸ್ಪಂಜಿನ ಡಬ್ಬಿ ತಂದ್ಕೊಟ್ನಲ್ಲ, ಅದೆಲ್ಲಿ?"

ಟಿಕೆಟ್ ಬಿಡಿಸುವಾಗ ಬೆರಳು ಒದ್ದೆ ಮಾಡಿಕೊಳ್ಳಲಿ ಎಂದು ಅಕ್ಕ ಒಂದು ಪುಟ್ಟ ಡಬ್ಬಿಯಲ್ಲಿ ಸ್ಪಂಜು ಇಟ್ಟು ಕೊಟ್ಟಿದ್ದಳು. ಈಗ ನೋಡಿದರೆ ಆ ಡಬ್ಬಿ ಕಿಟಕಿಯ ಮೇಲಿತ್ತು. ಒಳಗೆ ಅಂಗಿಯ ಗುಂಡಿ, ಸೇಫ್ಟಿ ಪಿನ್ನು. ಸ್ಪಂಜಿನಿಂದ ಅಮ್ಮ ಕನ್ನಡಿ ಒರೆಸುತ್ತಿದ್ದಳು.

"ಚೆನ್ನಾಗಿದೆ ಕಣೇ ಈ ಸ್ಪಂಜು," ಎಂದಳು ಅಮ್ಮ. "ಬೆಳಬೆಳಗ್ಗೆ ಅವನ ಮೇಲೆ ಯಾಕೆ ಹರಿಹಾಯ್ತೀಯ? ಊರಿಗೆ ಊರೇ ಹೆದರಿ ಮುದುರಿಕೊಂಡಾಗ ನನ್ನ ಮಗ ಬಸ್ ಬಿಡ್ತಿದ್ದಾನೆ."

"ನಿನ್ನ ಮಗ ಬಸ್ಸನ್ನೂ ಬಿಡ್ತಾನೆ, ಜ್ವರಾನೂ ಬಿಡ್ತಾನೆ. ನೋಡ್ತಿರು!" ಎಂದು ಅಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಅವತ್ತು ಅವಳಿಗೆ ಜ್ವರ ತಪಾಸಣೆಯ ಡ್ಯೂಟಿ ಬಿದ್ದಿದ್ದರಿಂದ ಆಸ್ಪತ್ರೆಯ ವ್ಯಾನು ಬೇಗನೆ ಬಂದಿತ್ತು. ಅಮ್ಮ ಎಂದಿನಂತೆ ಮಗನ ಬಸ್ಸಿನಲ್ಲಿ ಹೋದಳು, ಮಧ್ಯಾಹ್ನ ಅದೇ ಬಸ್ಸಿನಲ್ಲಿ ವಾಪಸಾದಳು.

ಅಕ್ಕನಿಗೆ ದಿನವಿಡೀ ಆಸ್ಪತ್ರೆಯ ಗೇಟಿನಲ್ಲೇ ಕೆಲಸ. "ಎಲ್ಲಿಗೆ ಹೋಗಿದ್ರಿ?" ಎಂದು ಕೇಳುವುದು, ಬರೆದುಕೊಳ್ಳುವುದು. "ಎಲ್ಲೂ ಇಲ್ಲ ಸಿಸ್ಟರ್," ಅನ್ನುವರು. ಇನ್ನೊಮ್ಮೆ ಕೇಳಿದರೆ ಒಂದೊಂದಾಗಿ ಹೊರಬೀಳುವುದು: ಗೆಳೆಯನ ಮನೆ, ಅಂಗಡಿ, ಪಕ್ಕದ ಬೀದಿಯ ಹರಟೆ, ಸುಮ್ಮನೆ ಒಂದು ಸುತ್ತು. ಸಂಜೆಯ ಹೊತ್ತಿಗೆ ಅವಳ ಗಂಟಲು ಒಣಗಿ, ತಾಳ್ಮೆ ಪೂರ್ತಿ ಮುಗಿದಿತ್ತು.

ಸಂಜೆಯ ಬಸ್ ಬಂತು. ಅಕ್ಕ ಹತ್ತಲು ಕಂಬಿ ಹಿಡಿಯಹೋದವಳು ಕೈ ಹಿಂದಕ್ಕೆ ಎಳೆದುಕೊಂಡಳು. ಕಂಬಿಯ ಮೇಲೆ ನೇರಳೆ ಬಣ್ಣದ ಕಲೆ. ಬಾಗಿಲಿನ ಪಕ್ಕ ಇನ್ನೊಂದು. ಸೀಟಿನ ಬೆನ್ನಿನ ಮೇಲೆ ಮತ್ತೊಂದು, ಅಚ್ಚೊತ್ತಿದ ಹಾಗೆ ಹೆಬ್ಬೆರಳಿನ ಗುರುತು.

"ಬಾರಕ್ಕಾ, ಬಾ," ಎಂದ ರೈಟಣ್ಣ. ಬಾಯಿ ತೆರೆದ. ನಾಲಿಗೆ ನೇರಳೆ, ಕೆಳತುಟಿ ನೇರಳೆ, ಗಡ್ಡದ ಮೇಲಿದ್ದ ಮಾಸ್ಕಿನ ಅಂಚೂ ನೇರಳೆ.

"ಏನೋ ಇದು ನಿನ್ನ ಅವತಾರ!"

"ಯಾಕಕ್ಕಾ, ಏನಾಯ್ತು?"

ಮುಂದಿನ ಸೀಟಿನಲ್ಲಿದ್ದ ವಾಚ್ ಮಾವ ತೊಡೆ ತಟ್ಟಿಕೊಂಡು ನಕ್ಕರು. ಅವರದು ಗಡಿಯಾರ ರಿಪೇರಿ ಅಂಗಡಿ. ಅಂಗಡಿ ಮುಚ್ಚಿದ್ದರೂ ಮನೆಯಲ್ಲಿ ಕೂರಲಾರದೆ ದಿನವೂ ಬಸ್ಸಿನಲ್ಲಿ ಹೋಗಿ ಬರುವ ಆಸಾಮಿ. "ಬೆಳಗ್ಗಿಂದ ಎಲ್ಲರಿಗೂ ಇದೇ ತಮಾಷೆ ಕಣಮ್ಮ. ಇವನಿಗೆ ಯಾರೂ ಹೇಳಿಲ್ಲ."

"ಅದಕ್ಕೇ ಎಲ್ಲಾ ನಗ್ತಿದ್ರಾ?" ರೈಟಣ್ಣ ಪೆಚ್ಚಾದ. "ಬಾಯಿ ಬೇರೆ ಕಹಿಯಾಗಿತ್ತು. ತಿಂಡಿ ಕೆಟ್ಟಿರ್ಬೇಕು ಅಂದ್ಕೊಂಡೆ."

ಆದದ್ದಿಷ್ಟು. ಅವತ್ತಿನಿಂದ ರೋಗಿಗಳ ಪಾಸಿಗೆ ತಾರೀಕಿನ ಸೀಲು ಹೊಡೆಯಬೇಕೆಂದು ಡಿಪೋದಲ್ಲಿ ಹೊಸ ಇಂಕ್ ಪ್ಯಾಡು ಕೊಟ್ಟಿದ್ದರು. ಶಾಯಿ ತುಂಬಿ ತುಳುಕುತ್ತಿದ್ದ ಪ್ಯಾಡು. ಸೀಲು ಹೊಡೆದ ಹೆಬ್ಬೆರಳು ನಾಲಿಗೆಗೆ ಹೋಗಿತ್ತು, ನಾಲಿಗೆಯಿಂದ ಟಿಕೆಟ್ಟಿಗೆ ಬಂದಿತ್ತು, ಅಲ್ಲಿಂದ ಇಡೀ ಬಸ್ಸನ್ನು ಸುತ್ತಿತ್ತು. ಅಕ್ಕ ಬಗ್ಗಿ ನೋಡಿದಳು. ವಾಚ್ ಮಾವನ ಅಂಗೈಯಲ್ಲಿ ನೇರಳೆ. ಅವರು ಮೂಗು ತುರಿಸಿಕೊಂಡಿದ್ದರಿಂದ ಮೂಗಿನ ತುದಿಯಲ್ಲೂ ನೇರಳೆ. ಹಿಂದಿನ ಸೀಟಿನ ತಾಯಿಯ ಮಡಿಲಲ್ಲಿ ಮಲಗಿದ್ದ ಕೂಸಿನ ಕೆನ್ನೆಯ ಮೇಲೆ, ರೈಟಣ್ಣ ಮುದ್ದಿನಿಂದ ಚಿವುಟಿದ ಜಾಗದಲ್ಲಿ, ಸಣ್ಣದೊಂದು ನೇರಳೆ ಚುಕ್ಕಿ.

ಬಸ್ಸಿನಲ್ಲಿದ್ದವರೆಲ್ಲ ನಗುತ್ತಿದ್ದರು. ಅಕ್ಕನಿಗೆ ಅಲ್ಲೇ ತಲೆ ಚಚ್ಚಿಕೊಳ್ಳುವಂತಾಯಿತು. "ನಗಿ, ಚೆನ್ನಾಗಿ ನಗಿ," ಎಂದವಳೇ ಕಿಟಕಿಯ ಗಾಜನ್ನು ಎರಡೂ ಕೈಯಿಂದ ಜಗ್ಗಿದಳು. ಅದು ಜಗ್ಗಲಿಲ್ಲ. ತುಕ್ಕು ಹಿಡಿದು ಕೂತಿತ್ತು.

ಮನೆಗೆ ಬಂದಾಗ ಅಮ್ಮ ಕುರ್ಚಿಯಲ್ಲಿ ಒರಗಿದ್ದಳು. ಡಯಾಲಿಸಿಸ್ ಆದ ದಿನ ಅವಳಿಗೆ ಸುಸ್ತು ಜಾಸ್ತಿ. ಎಡಗೈ ಮಡಿಲಲ್ಲಿತ್ತು. ಸೂಜಿ ಚುಚ್ಚಿದ ಜಾಗಕ್ಕೆ ಸುತ್ತಿದ ಬಿಳಿ ಬ್ಯಾಂಡೇಜು ಕಾಣುತ್ತಿತ್ತು.

ಆ ಬಿಳಿಯ ನಟ್ಟನಡುವೆ, ಗೆರೆ ಗೆರೆ ಎಣಿಸಬಹುದಾದಷ್ಟು ಸ್ಪಷ್ಟವಾಗಿ, ನೇರಳೆ ಹೆಬ್ಬೆರಳು.

ಅಕ್ಕ ನಿಂತಲ್ಲೇ ನಿಂತಳು. ಹಿಂದೆಯೇ ಒಳಬಂದ ರೈಟಣ್ಣ, "ಏನಕ್ಕಾ?" ಎಂದ. ಅವಳು ಬೆರಳು ಮಾಡಿ ತೋರಿಸಿದಳು, ಅಷ್ಟೇ.

"ಮಧ್ಯಾಹ್ನ ಇಳಿಯುವಾಗ ನನಗೆ ತಲೆ ಸುತ್ತು ಬಂತು," ಎಂದಳು ಅಮ್ಮ, ಏನೂ ಅರಿಯದೆ. "ಪಾಪ, ಇವನೇ ಓಡಿ ಬಂದು ಕೈ ಹಿಡ್ಕೊಂಡ."

ರೈಟಣ್ಣ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅಮ್ಮನ ತೋಳನ್ನು ನೋಡಿದ. ಕುರ್ಚಿಯ ಬಳಿ ನೆಲದ ಮೇಲೆ ಕೂತುಬಿಟ್ಟ.

"ಅಕ್ಕಾ, ಇದು ಶಾಯಿ ತಾನೇ? ಬರೀ ಶಾಯಿ."

"ಇವತ್ತು ಬರೀ ಶಾಯಿ," ಎಂದಳು ಅಕ್ಕ. "ನಿನ್ನೆ ಬಣ್ಣ ಇರ್ಲಿಲ್ಲ, ಮೊನ್ನೇನೂ ಇರ್ಲಿಲ್ಲ. ನಿನ್ನ ಎಂಜಲು ಇಷ್ಟೇ ದೂರ ಹೋಗಿತ್ತು ಕಣೋ, ನಮಗೆ ಕಾಣಿಸ್ಲಿಲ್ಲ ಅಷ್ಟೇ. ಇದಾದ್ರೂ ಬೆರಳು ಮುಟ್ಟಿದ ಕಡೆ ಮಾತ್ರ. ಕಿಟಕಿ ಮುಚ್ಚಿದ ಬಸ್ಸಲ್ಲಿ ಎಪ್ಪತ್ತು ಜನರ ಉಸಿರು ಯಾರ ಮೂಗಿಗೆ ಹೋಯ್ತೋ, ಅದಕ್ಕೆ ಬಣ್ಣಾನೂ ಇಲ್ಲ. ಅದೇ ಇದಕ್ಕಿಂತ ಅಪಾಯ."

"ನನಗೆ ಜ್ವರ ಇಲ್ವಲ್ಲ..."

"ಇವತ್ತು ಗೇಟಲ್ಲಿ ಹನ್ನೊಂದು ಜನ ಇದೇ ಮಾತು ಹೇಳಿದ್ರು. ಜ್ವರ ಕಾಣಿಸ್ಕೊಳ್ಳೋ ಮೊದಲೇ ಹಂಚ್ತಾರೆ ಕಣೋ. ನಿನಗೆ ಬಂದ್ರೆ ನೀನು ಎದ್ದು ಓಡಾಡ್ತೀಯ. ಅಮ್ಮನಿಗೆ ತಡ್ಕೊಳ್ಳೋ ಶಕ್ತಿ ಇಲ್ಲ. ಬಸ್ಸೂ ನಿಲ್ಲುತ್ತೆ. ಆಗ ನಿನ್ನ ತರಕಾರಿಯವಳನ್ನ ಯಾರು ಕರ್ಕೊಂಡು ಹೋಗ್ತಾರೆ, ಹೇಳು?"

ರೈಟಣ್ಣ ಅಂಗಿಯ ಅಂಚಿಗೆ ಹೆಬ್ಬೆರಳು ತಿಕ್ಕಿದ. ಆಮೇಲೆ, "ನಾಳೆ ಅವಳನ್ನ ಬಿಟ್ಟು ಹೋಗು ಅಂದ್ರೆ ನನ್ನ ಕೈಲಿ ಆಗಲ್ಲಕ್ಕಾ," ಎಂದ. ಕಣ್ಣಲ್ಲಿ ನೀರಿತ್ತು.

"ಬಿಡಬೇಡ್ವೋ. ಬಿಡು ಅಂತ ಯಾರು ಹೇಳಿದ್ರು? ಬಸ್ಸಲ್ಲಿ ಕೂರೋರೆಲ್ಲ ತರಕಾರಿಯವರೇನು? ವಾಚ್ ಮಾವ ಯಾವ ತರಕಾರಿ ಮಾರ್ತಾರೆ?"

ಅಳುತ್ತಲೇ ರೈಟಣ್ಣನಿಗೆ ನಗು ಬಂತು. ಅಮ್ಮ ಮಾತ್ರ ನಗಲಿಲ್ಲ. ತೋಳಿನ ಮೇಲಿನ ಗುರುತನ್ನು ಆಗಷ್ಟೇ ನೋಡಿದ್ದಳು. ನಿಧಾನವಾಗಿ ಎದ್ದು ಕಿಟಕಿಯ ಬಳಿ ಹೋಗಿ, ಡಬ್ಬಿಯಲ್ಲಿದ್ದ ಗುಂಡಿ, ಪಿನ್ನುಗಳನ್ನೆಲ್ಲ ಸುರಿದು, ಸ್ಪಂಜನ್ನು ಸೋಪು ಹಚ್ಚಿ ತೊಳೆದು, ಅದರೊಳಗಿಟ್ಟು ಮಗನ ಕೈಗೆ ಕೊಟ್ಟಳು.

ಮಾರನೆಯ ದಿನ ಬಸ್ ಸ್ಟಾಪಿನಲ್ಲಿದ್ದವರು ಬೆಪ್ಪಾಗಿ ನೋಡಿದರು. ಡ್ರೈವರಣ್ಣ ಸುತ್ತಿಗೆ ಹಿಡಿದು ತುಕ್ಕು ಹಿಡಿದ ಕಿಟಕಿಗಳನ್ನೆಲ್ಲ ಬಡಿದು ತೆರೆದಿದ್ದ. ರೈಟಣ್ಣನ ಮಾಸ್ಕು ಗಡ್ಡದಿಂದ ಮೇಲೇರಿ ಮೂಗು ಮುಚ್ಚಿತ್ತು. ಸೀಟಿ ಜೇಬಿನಲ್ಲಿತ್ತು. ಬಸ್ ಬಿಡುವಾಗ ತಗಡಿನ ಮೇಲೆ ಧಡ್ ಧಡ್ ಎಂದು ಬಡಿಯುತ್ತಿದ್ದ. ಡಿಪೋದವರ ಕೈಕಾಲು ಹಿಡಿದು, ಕಿಕ್ಕಿರಿದ ಒಂದು ಟ್ರಿಪ್ಪಿನ ಬದಲು ಎರಡು ಟ್ರಿಪ್ಪಿಗೆ ಒಪ್ಪಿಸಿದ್ದ. ಡ್ರೈವರಣ್ಣ ಗೊಣಗಿದ, ಆದರೂ ಓಡಿಸಿದ. ಮಾಸ್ಕ್ ಇಲ್ಲದವರನ್ನು ಮೆಟ್ಟಿಲ ಬಳಿಯೇ ತಡೆದು, ಹತ್ತುವ ಪ್ರತಿಯೊಬ್ಬರನ್ನೂ ರೈಟಣ್ಣ ಕೇಳುತ್ತಿದ್ದ.

"ಎಲ್ಲಿಗಮ್ಮ?"

"ಮಾರುಕಟ್ಟೆಗೆ."

"ಹತ್ತಿ. ಕಿಟಕಿ ಪಕ್ಕ ಕೂತ್ಕೊಳ್ಳಿ."

"ಎಲ್ಲಿಗೆ ಮಾವ?"

"ಸುಮ್ನೆ ಕಣಯ್ಯ," ಎಂದರು ವಾಚ್ ಮಾವ, ಕಾಲು ಮೆಟ್ಟಿಲ ಮೇಲಿಟ್ಟು.

"ಸುಮ್ನೆ ಅನ್ನೋ ಸ್ಟಾಪು ನಮ್ಮ ರೂಟಲ್ಲಿ ಇಲ್ಲ ಮಾವ. ಇಳೀರಿ."

"ದಿನಾ ಬರೋನು ನಾನು! ಮನೇಲಿ ಕೂತು ಕೂತು ಹುಚ್ಚು ಹಿಡಿತಿದೆ ಕಣೋ."

"ಗೊತ್ತು ಮಾವ. ನಿಮ್ಮ ಬೀದೀಲೇ ನಡೀರಿ, ದೂರ ನಿಂತು ಯಾರ ಜೊತೆಗಾದ್ರೂ ಮಾತಾಡಿ. ಈ ಸೀಟು ಬಿಟ್ಟುಕೊಡಿ. ಸೋಮವಾರ ಇದ್ರಲ್ಲಿ ನಮ್ಮಮ್ಮ ಕೂರ್ಬೇಕು."

ವಾಚ್ ಮಾವ ಮೂಗು ಉಜ್ಜಿಕೊಂಡರು. ಎಷ್ಟು ಉಜ್ಜಿದರೂ ಅವರ ಮೂಗಿನ ತುದಿಯ ನೇರಳೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಕಾಲು ಹಿಂದಕ್ಕೆ ತೆಗೆದುಕೊಂಡರು.

ಅಕ್ಕ ಕಿಟಕಿ ಪಕ್ಕ ಕೂತು ನೋಡುತ್ತಿದ್ದಳು. ಟಿಕೆಟ್ ಹರಿಯುವ ಮುನ್ನ ತಮ್ಮನ ಹೆಬ್ಬೆರಳು ತನ್ನಷ್ಟಕ್ಕೆ ಬಾಯಿಯ ಕಡೆ ಹೋಯಿತು, ಮಾಸ್ಕಿಗೆ ಬಡಿಯಿತು, ಕಳ್ಳನ ಹಾಗೆ ಸ್ಪಂಜಿನ ಕಡೆ ತಿರುಗಿತು. ಹದಿನೆಂಟು ವರ್ಷದ ಚಾಳಿ, ಒಂದೇ ದಿನಕ್ಕೆ ಹೋಗುತ್ತದೆಯೇ? "ಕಂಡೆ ಕಣೋ!" ಎಂದು ಅಕ್ಕ ಅಲ್ಲಿಂದಲೇ ಗದರಿದಳು. ಸೋಮವಾರದ ಡಯಾಲಿಸಿಸ್ ತಪ್ಪಲಿಲ್ಲ. ಅದರ ಮುಂದಿನದೂ ತಪ್ಪಲಿಲ್ಲ. ಎರಡು ವಾರ ಅಕ್ಕ ದಿನವೂ ಅಮ್ಮನ ಹಣೆ ಮುಟ್ಟಿ ನೋಡಿದಳು. ಅವರ ಪುಣ್ಯ, ಜ್ವರ ಬರಲಿಲ್ಲ. ಪ್ರತಿ ಸಲವೂ ಪುಣ್ಯವನ್ನೇ ನಂಬಿ ಕೂರಲಾಗದು.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಬೆರಳಿಗೆ ಶಾಯಿ ಇಲ್ಲ, ನಿಮ್ಮ ಉಸಿರಿಗೆ ಬಣ್ಣ ಇಲ್ಲ. ಅದಕ್ಕೇ ಹೇಳುತ್ತಿರುವುದು. ದುಡಿಯಲು, ಔಷಧಕ್ಕೆ, ಆಸ್ಪತ್ರೆಗೆ ಹೋಗಲೇಬೇಕಾದವರು ಖಂಡಿತ ಹೋಗಿ. ಮೂಗು ಬಾಯಿ ಎರಡೂ ಮುಚ್ಚಿ, ಕಿಟಕಿ ತೆರೆಯಿರಿ, ಬೆರಳನ್ನು ಬಾಯಿಗೆ ಒಯ್ಯಬೇಡಿ, ಮನೆಗೆ ಬಂದ ಕೂಡಲೇ ಸೋಪಿನಲ್ಲಿ ಕೈ ತೊಳೆಯಿರಿ. ಮೈ ಬಿಸಿಯಾಗಿದ್ದರೆ ಮನೆಯಲ್ಲೇ ಇದ್ದು ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ. "ಸುಮ್ಮನೆ" ಹೊರಟವರು ಮಾತ್ರ ದಯವಿಟ್ಟು ಹೊಸ್ತಿಲಲ್ಲೇ ಒಂದು ಗಳಿಗೆ ನಿಂತು ಯೋಚಿಸಿ. ಆ ಸೀಟಿಗಾಗಿ ಯಾರದೋ ಅಮ್ಮ, ತೋಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ಮುಂದಿನ ಸ್ಟಾಪಿನಲ್ಲಿ ಕಾಯುತ್ತಿದ್ದಾಳೆ.