ಬಾಯ್ಲರ್ ಪೈಪಿನ ಮೇಲೆ ಒಣಗಿದ ಬೀಜ

ನನಗೆ ಸಾಕಾಗಿ ಹೋಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ತ್ಯಾಗಮಯಿ ಎಂದುಕೊಳ್ಳುವುದು ಬೇಡ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಒದ್ದೆ ಬೆಡ್‌ಶೀಟುಗಳನ್ನು ಮಷಿನ್‌ನಿಂದ ಎಳೆದು ಗಾಡಿಗೆ ತುಂಬಿ ಮನೆಗೆ ಬಂದರೆ, ಭುಜ ನನ್ನದೋ ಇನ್ಯಾರದೋ ಎನ್ನುವ ಹಾಗಿರುತ್ತಿತ್ತು. ಅಂಥದ್ದರಲ್ಲಿ ಹಿತ್ತಲಿನ ಬೀನ್ಸ್ ಬಳ್ಳಿಗಳ ಸೇವೆ ಬೇರೆ.

ಆ ಬೀನ್ಸ್ ನಮ್ಮಮ್ಮನದು. ಬಿಳಿ ಕಾಳು, ಒಂದು ಬದಿಯಲ್ಲಿ ಕಂದು ಮಚ್ಚೆ. ಅಂಗಡಿಯಲ್ಲಿ ಎಲ್ಲೂ ಸಿಗುವುದಿಲ್ಲ, ಹುಡುಕಿ ನೋಡಿದ್ದೇನೆ. ಅಮ್ಮ ಹೋದ ಮೇಲೆ ಅವಳ ಬಟ್ಟೆಬರೆ, ಪಾತ್ರೆಪಗಡೆಗಳನ್ನು ಅವರಿವರು ಹಂಚಿಕೊಂಡರು. ಬೀಜದ ಬಾಟಲಿ ನನ್ನ ಪಾಲಿಗೆ ಬಂತು. ಅಂದಿನಿಂದ ಪ್ರತಿ ವರ್ಷವೂ ಗಟ್ಟಿಮುಟ್ಟಾದ ಬಳ್ಳಿ ನೋಡಿ ದಪ್ಪ ಕಾಯಿಗಳನ್ನು ಮುಟ್ಟದೆ ಬಿಡಬೇಕು. ಅವು ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಆಮೇಲೆ ಸುಲಿದು, ನೆರಳಲ್ಲಿ ಹರಡಿ, ಉಗುರು ಊರಿದರೂ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಬಾಟಲಿಗೆ ತುಂಬಬೇಕು. ಇಷ್ಟೇ ತಾನೆ ಎನ್ನುವವರು ಬಂದು ಮಾಡಲಿ.

ಈ ವರ್ಷ ಕಾಯಿ ಒಣಗುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಬಿಡುವ ಲಕ್ಷಣವೇ ಇರಲಿಲ್ಲ. ಬೀಜಕ್ಕೆಂದು ಬಿಟ್ಟ ಕಾಯಿಗಳ ಮೇಲೆ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಸಂಜೆ ಕೆಲಸದಿಂದ ಬಂದವಳು ಚಪ್ಪಲಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದೆ.

"ರೀ, ಆ ಕಾಯಿಗಳನ್ನ ಕಿತ್ತು ಎಲ್ಲಾದ್ರೂ ಒಣಗೋಕೆ ಹಾಕಿ. ಕೊಳೆತು ಹೋಗ್ತಾ ಇವೆ. ನನ್ನ ಕೈಲಿ ಆಗಲ್ಲ."

"ಆ ಚಿಂತೆ ಬಿಡು. ನಾನಿಲ್ವಾ?" ಎಂದರು ನಮ್ಮ ಯಜಮಾನರು.

ಎಲ್ಲಿ ಒಣಗಿಸುತ್ತೀರಿ ಎಂದು ನಾನು ಕೇಳಬೇಕಿತ್ತು. ಅವರು ನಮ್ಮ ಲಾಂಡ್ರಿಯಲ್ಲೇ ಬಾಯ್ಲರ್ ನೋಡಿಕೊಳ್ಳುವವರು. ಅವರ ಪ್ರಕಾರ ಲೋಕದಲ್ಲಿ ಒದ್ದೆಯಾದದ್ದಕ್ಕೆಲ್ಲ ಬಾಯ್ಲರ್ ಪೈಪೇ ಮದ್ದು. ನಮ್ಮ ಮನೆಯ ಸಾಕ್ಸು, ಶೂಗಳು, ಆಂಬ್ಯುಲೆನ್ಸ್ ಡ್ರೈವರನ ಟೋಪಿ, ಒಮ್ಮೆ ಬಕೆಟ್ಟಿಗೆ ಬಿದ್ದ ಮೊಬೈಲು, ಎಲ್ಲವೂ ಆ ಪೈಪಿನ ಮೇಲೆ ಮಲಗಿ ಎದ್ದು ಬಂದಿವೆ. ಮೊಬೈಲು ಮಾತ್ರ ಏಳಲಿಲ್ಲ. ಬೀನ್ಸ್ ಕಾಯಿಗಳನ್ನೂ ಹಳೆಯ ದಿಂಬಿನ ಕವರಿಗೆ ತುಂಬಿ ಅಲ್ಲೇ ಇಟ್ಟಿದ್ದಾರೆ. ಒಣಗಿದ ಮೇಲೆ ತಾವೇ ಸುಲಿದು, ಬಾಟಲಿಗೆ ಹಾಕಿ, ಬಹುಮಾನ ಗೆದ್ದವರ ಹಾಗೆ ತಂದು ನನ್ನೆದುರು ಇಟ್ಟರು.

"ನೋಡು, ನಿಮ್ಮಮ್ಮ ಕೂಡ ಇಷ್ಟು ಚೆನ್ನಾಗಿ ಒಣಗಿಸಿರಲ್ಲ!"

ಮುಚ್ಚಳ ತೆಗೆದೆ. ಕೆಲವು ಕಾಳುಗಳ ಸಿಪ್ಪೆ ಬಿರಿದಿತ್ತು. ಮೂಗಿಗೆ ಹುರಿದ ವಾಸನೆ ಬಂತು.

"ಪೈಪ್ ಮೇಲೆ ಇಟ್ರಾ?"

"ಇನ್ನೆಲ್ಲಿ ಇಡೋದು, ಈ ಮಳೇಲಿ?"

"ಬೀಜಕ್ಕೂ ಜೀವ ಇರತ್ತೆ ಕಣ್ರೀ! ಸಾಕ್ಸ್ ಅಂದ್ಕೊಂಡ್ರಾ?"

ಅವರ ಮುಖ ಸಣ್ಣದಾಯಿತು. ಅಲ್ಲಿಗೆ ಬಿಡುವವಳಲ್ಲ ನಾನು. ಮದುವೆಯಾದಾಗಿನಿಂದ ಅವರು ಕೆಡಿಸಿದ್ದನ್ನೆಲ್ಲ ಒಂದೊಂದಾಗಿ ಹೊರತೆಗೆದೆ.

ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿಟ್ಟೆ. ಜೀವ ಇದ್ದರೆ ಮೊಳಕೆ ಬರಬೇಕು. ಕಾಳುಗಳು ಉಬ್ಬಿದವು, ನನಗೂ ಸ್ವಲ್ಪ ಆಸೆ ಹುಟ್ಟಿತು. ಆಮೇಲೆ ಲೋಳೆಯಾಗಿ ನಾರತೊಡಗಿದವು. ಒಂದಾದರೂ ಬಾಯಿ ಬಿಡಲಿಲ್ಲ.

ಹಳೆಯ ಬೀಜವೆಲ್ಲ ಬಿತ್ತಿ, ಹಂಚಿ ಮುಗಿದಿತ್ತು. ಅಣ್ಣನ ಹೆಂಡತಿಗೆ ಪ್ರತಿ ವರ್ಷ ಬಿತ್ತಲು ಬೀಜ ಕೊಡುತ್ತಿದ್ದೆ. ಫೋನ್ ಮಾಡಿದೆ.

"ಅತ್ತಿಗೆ, ಅಮ್ಮನ ಬೀನ್ಸ್ ಬೀಜ ನಿಮ್ಮ ಹತ್ರ ಒಂದಿಷ್ಟಾದ್ರೂ ಇದೆಯಾ?"

"ಬೀಜಾನಾ? ನಾವೆಲ್ಲಿ ಇಟ್ಕೋತೀವಿ? ಎಳೇದಿದ್ದಾಗ್ಲೇ ಎಲ್ಲ ಕಿತ್ತು ತಿಂದಾಯ್ತು."

"ಒಂದು ಬಳ್ಳೀನೂ ಬಿಡ್ಲಿಲ್ವಾ?"

"ಯಾಕೆ ಬಿಡ್ಬೇಕು? ನೀನು ಕೊಡ್ತೀಯಲ್ಲ. ನೀನಿದ್ದೀಯ ಅಂತ ನಾವು ನೆಮ್ಮದಿಯಾಗಿದ್ವಿ ಕಣೆ."

ತಂಗಿಗೆ ಮಾಡಿದರೆ ಅವಳದೂ ಅದೇ ರಾಗ. "ನೀನಿದ್ದೀಯಲ್ಲಕ್ಕಾ!"

ಫೋನ್ ಇಟ್ಟ ಮೇಲೆ ಮೈಯೆಲ್ಲ ಉರಿಯಿತು. ಎಲ್ಲರ ನೆಮ್ಮದಿಯನ್ನೂ ನಾನೇ ಗುತ್ತಿಗೆಗೆ ಹಿಡಿದಿದ್ದೇನೆಯೇ? ಆ ಸಿಟ್ಟಿನ ಬೆನ್ನಿಗೇ, ಹೇಳಲು ನಾಚಿಕೆ, ಮನಸ್ಸು ಹಗುರಾಯಿತು. ಹೋಯಿತಲ್ಲ, ಮುಗಿಯಿತು. ಇನ್ನು ಕೋಲು ನೆಡುವುದಿಲ್ಲ, ಕಾಯಿ ಕಾಯುವುದಿಲ್ಲ. ಭಾನುವಾರ ಕಣ್ತುಂಬ ನಿದ್ದೆ ಮಾಡಬಹುದು. ಆ ಭಾನುವಾರ ಮಾಡಿದೆ ಕೂಡ. ಎದ್ದು ಮುಖ ತೊಳೆಯಲು ಹೋದವಳು ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮನ ಕೈಯಿಂದ ಬಂದದ್ದರಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ. ಅದೂ ನನ್ನ ಮನೆಯಲ್ಲೇ ಸತ್ತಿತು.

"ಆ ಬಾಟಲಿ ಎಸೆದುಬಿಡಿ, ನನ್ನ ಕಣ್ಣಿಗೆ ಬೀಳೋದು ಬೇಡ" ಎಂದೆ. ಅವರು "ಸರಿ" ಎಂದು ತೆಗೆದುಕೊಂಡು ಹೋದರು.

ಸ್ವಲ್ಪ ದಿನ ಕಳೆದ ಮೇಲೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು ನನ್ನನ್ನು ಮೂಲೆಗೆ ಕರೆದಳು. "ನಿಮ್ಮ ಯಜಮಾನ್ರು ಹುಷಾರಾಗಿದಾರೆ ತಾನೆ? ಬಟ್ಟೆ ಚೂರು ಒದ್ದೆ ಮಾಡಿ ಮಾಡಿ ಬಾಯ್ಲರ್ ರೂಮಿನ ಕಿಟಕಿ ಉದ್ದಕ್ಕೂ ಇಡ್ತಾರೆ. ಆಮೇಲೆ ಒಂದೊಂದೇ ಬಿಚ್ಚಿ ನೋಡ್ತಾ ಕೂರ್ತಾರೆ. ನಮಗೆಲ್ಲ ಭಯ ಆಗಿದೆ."

ಅವರು ಬಾಟಲಿ ಎಸೆದಿರಲಿಲ್ಲ. ಉಳಿದ ಕಾಳುಗಳನ್ನೆಲ್ಲ, ಒಂದನ್ನೂ ಬಿಡದೆ, ಒದ್ದೆ ಬಟ್ಟೆಗೆ ಹಾಕಿ ನೋಡುತ್ತಿದ್ದರು. ನಾನು ಏನೂ ಕೇಳಲಿಲ್ಲ. ಕೇಳಿದರೆ ಮತ್ತೆ ಆಸೆ ಹುಟ್ಟುತ್ತದೆ, ಆಸೆ ಪಡಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಒಂದು ಸಂಜೆ ಅಂಗೈಯನ್ನು ಬಟ್ಟಲಿನ ಹಾಗೆ ಹಿಡಿದುಕೊಂಡೇ ಮನೆಗೆ ಬಂದರು. ಬಾಗಿಲನ್ನು ಮೊಣಕೈಯಲ್ಲಿ ನೂಕಿದರು. ಅಂಗೈಯಲ್ಲಿ ಒದ್ದೆ ಬಟ್ಟೆ, ಅದರೊಳಗೆ ಒಂದು ಕಾಳು, ಅದರ ಬದಿಯಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ ಬೇರು.

"ಒಂದೇ ಒಂದು" ಎಂದರು. "ಮಿಕ್ಕಿದ್ದೆಲ್ಲ ಹೋಯ್ತು. ಇದು ಕವರಿನ ನಡುವೆ ಇದ್ದದ್ದಿರ್ಬೇಕು, ಅಷ್ಟು ಬಿಸಿ ತಾಗಿಲ್ಲ."

ಸತ್ಯ ಹೇಳುತ್ತೇನೆ, ನನ್ನ ಬಾಯಿಂದ ಬಂದದ್ದು "ಅಯ್ಯೋ ದೇವರೇ, ಮತ್ತೆ ಶುರುವಾಯ್ತಾ!" ಎಂಬ ಮಾತು. ಇದು ಬಿತ್ತುವ ಕಾಲವಲ್ಲ, ಮನೆಯೊಳಗೇ ಕುಂಡದಲ್ಲಿ ಬೆಳೆಸಬೇಕು. ಬೆಳಕು ನೋಡಬೇಕು, ಹದವಾಗಿ ನೀರು ಹಾಕಬೇಕು. ಒಂದು ಬಳ್ಳಿ ನಿಂತರೆ ಬೀಜ ಉಳಿಯುತ್ತದೆ, ನಿಲ್ಲದಿದ್ದರೆ ಇಲ್ಲ. ಕುರ್ಚಿಯ ತೋಳು ಹಿಡಿದು ಏಳಹೊರಟೆ.

"ನೀನು ಏಳ್ಬೇಡ. ಈ ಸಲ ಎಲ್ಲಾ ನಾನೇ ಮಾಡ್ತೀನಿ."

"ನೀವಾ? ಸಾಕಪ್ಪಾ ಸಾಕು!"

"ನಿನ್ನನ್ನ ಕೇಳಿ ಮಾಡ್ತೀನಿ ಕಣೆ. ಹೇಳು, ಎಷ್ಟು ಆಳಕ್ಕೆ ಹಾಕ್ಬೇಕು?"

ಇಷ್ಟು ವರ್ಷ ಎಲ್ಲರೂ ಬೀಜ ಕೇಳಿದ್ದರು. ಹೇಗೆ ಉಳಿಸುತ್ತೀಯ ಎಂದು ಯಾರೂ ಕೇಳಿರಲಿಲ್ಲ. ಏಳಹೊರಟವಳು ಮತ್ತೆ ಕುರ್ಚಿಗೆ ಒರಗಿದೆ. ಅವರು ಕೈ ಚಾಚಿಕೊಂಡು ನಿಂತೇ ಇದ್ದರು.

"ಬೆರಳಿನ ಒಂದು ಗೆಣ್ಣು" ಎಂದೆ. "ಬೇರು ಕೆಳಗೆ ಬರೋ ಹಾಗೆ. ಮಣ್ಣು ಒತ್ತಬೇಡಿ."

ಅವರು ಚಮಚ ಹಿಡಿದು ಕುಂಡದ ಮುಂದೆ ಕುಳಿತರು. ನಾನು ಕುರ್ಚಿಯಿಂದಲೇ, ಅಮ್ಮ ಮಾಡುತ್ತಿದ್ದದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋದೆ.