ಹುಲಗೇಶ ಒತ್ತಿದ ಸ್ವಿಚ್ಚು

"ನನ್ನ ಹೇಣ್ತಿ ಮಾಡಿದ ಮಷೀನು ಹಿರೇಕೆರೂರಾಗ ಚಾಲೂ ಮಾಡಿದ್ರ, ಹಾನಗಲ್ಲ ಹೊಲದಾಗ ಮೆಕ್ಕಿಜ್ವಾಳ ತೆನಿಯೊಳಗ ಅರಳಾಗತಿತ್ರಿ," ಎನ್ನುತ್ತ ಹುಲಗೇಶ ಹೆಂಡತಿಯ ಚಟ್ಟಕ್ಕೆ ಹಗ್ಗ ಬಿಗಿದ. ಮೂಗಿನ ತುದಿಯಲ್ಲಿ ಕಣ್ಣೀರು ತೂಗುತ್ತಿದ್ದರೂ ಬಾಯಿಗೆ ಬಿಡುವಿರಲಿಲ್ಲ. ಮೆಕ್ಕೆಜೋಳದ ದಲಾಲಿಯ ಬಾಯಿ ಅದು, ಒಂದು ಚೀಲವನ್ನು ಒಂದು ಲಾರಿ ಮಾಡಿ ರೂಢಿ.

ರಜೆಗೆ ಬಂದಿದ್ದ ಜಯಶ್ರೀ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಓಣಿಯ ಜನ ನೆರೆದಿದ್ದರು. ಹುಲಗೇಶನ ಲೆಕ್ಕದಲ್ಲಿ ಅದು ಇಡೀ ಜಿಲ್ಲೆ. ಆದರೆ ಅವನ ಕಣ್ಣು ನೆಟ್ಟಿದ್ದು ಒಬ್ಬನ ಮೇಲೆ. ಜಯಶ್ರೀ ಕೆಲಸ ಮಾಡುತ್ತಿದ್ದ ದೂರದ ಪ್ರಯೋಗಾಲಯದಿಂದ ಬಂದ ಮೃತ್ಯುಂಜಯ ಗೋಡೆಗೊರಗಿ ಸದ್ದಿಲ್ಲದೆ ಅಳುತ್ತಿದ್ದ. ಆ ಕಣ್ಣೀರಿಗೆ ದೊಡ್ಡ ಕೆರೆಯೇ ಕೋಡಿ ಬೀಳುತ್ತಿತ್ತು. ಗಂಡನಿಗಿಂತ ಹೆಚ್ಚು ಅಳುವ ಹಕ್ಕನ್ನು ಇವನಿಗೆ ಕೊಟ್ಟವರು ಯಾರು?

"ಅಂವಾ ಯಾರ್ರಿ, ಮಾಮಾ?" ಎಂದ ಜಯಶ್ರೀಯ ತಮ್ಮ ಮಹಾಂತೇಶ.

"ನಿಮ್ಮಕ್ಕನ ಕೈಕೆಳಗ ನಟ್ಟು ಬಿಗಿಯೂ ಪಾನಾ ಹಿಡಕೊಂಡು ನಿಂದರ್ತಿದ್ದ," ಎಂದ ಹುಲಗೇಶ.

*

ಪಾನಾ ಅಲ್ಲ. ಜೈರೋಟ್ರಾನ್ ಎಂಬ ಕೊಳವೆಯನ್ನು ಆ ಇಬ್ಬರೂ ಕೂಡಿಯೇ ವಿನ್ಯಾಸ ಮಾಡಿದ್ದರು. ಅಯಸ್ಕಾಂತದ ಹಿಡಿತದಲ್ಲಿ ಇಲೆಕ್ಟ್ರಾನುಗಳು ಸುರುಳಿ ಸುತ್ತುತ್ತ ಅದರೊಳಗೆ ಮೈಕ್ರೋವೇವ್ ಜಾತಿಯ ಅಲೆ ಹುಟ್ಟಿಸಬೇಕು. ಉಳಿದವರು ವೋಲ್ಟೇಜು ಏರಿಸಿ ಅಲೆ ತೆಗೆದರೆ ಇವರು ಇಳಿಸಿ ತೆಗೆಯಲು ಹೊರಟಿದ್ದರು. ಇಳಿದಷ್ಟೂ ಯಂತ್ರ ಸಣ್ಣದಾಗಿ ಸಾದಾ ಕಾಲೇಜಿನ ಮೇಜಿಗೂ ಬಂದೀತು. ತೀರಾ ಇಳಿದರೆ ಅಲೆಯೇ ಹುಟ್ಟದು. ರಜೆಗೆ ಬಂದಾಗಲೂ ರೊಟ್ಟಿ ಮುರಿಯುತ್ತ ಅವಳ ಫೋನು ನಡೆದೇ ಇರುತ್ತಿತ್ತು: "ಮೃತ್ಯುಂಜಯ, ಇನ್ನಾ ಸ್ವಲ್ಪ ಇಳಸೂಣು."

ಎದುರಿಗೆ ಕುಳಿತ ಹುಲಗೇಶನಿಗೆ ಮಾತ್ರ ಪಿತ್ತ ಏರುತ್ತಿತ್ತು. ತನ್ನ ಕೂಡ ಅವಳು ಅಷ್ಟು ಹೊತ್ತು ಮಾತಾಡಿದ ನೆನಪು ಅವನಿಗಿರಲಿಲ್ಲ.

ಯಂತ್ರವನ್ನು ಮೊದಲ ಸಲ ಚಾಲೂ ಮಾಡುವ ದಿನ ಬಂದಾಗ ಅವಳೇ ಕರೆದಳು. "ಬರ್ರಿ, ಸ್ವಿಚ್ ನೀವ ಒತ್ತೀರಂತ." ಹುಲಗೇಶ ಹೊಸ ಅಂಗಿ ಹೊಲಿಸಿಕೊಂಡು ಹೊರಟ. ತಿರುಗಿ ಬಂದವನು ಸಂತೆಯಲ್ಲಿ ಹೇಳಿದ ಕತೆಯನ್ನು ಊರು ಇಂದಿಗೂ ಮರೆತಿರಲಿಲ್ಲ.

*

ಕುಣಿಯ ಸುತ್ತ ನಿಂತು ಒಬ್ಬೊಬ್ಬರಾಗಿ ಮಣ್ಣು ಕೊಡುತ್ತಿದ್ದರು. ಮೃತ್ಯುಂಜಯ ಬಗ್ಗಿ, ಹಿಡಿ ಮಣ್ಣು ಬಿಡುತ್ತ, ಯಾರಿಗೂ ಕೇಳದಂತೆ ಅವಳಿಗೇನೋ ಹೇಳಿದ. ಇಲ್ಲಿಯೂ ಗುಟ್ಟಿನ ಮಾತೇ? ಹುಲಗೇಶ ಮುಷ್ಟಿ ತುಂಬ ಮಣ್ಣು ಬಾಚಿಕೊಂಡು ದನಿ ಏರಿಸಿದ.

"ಮೊದಲ ಸಲ ಸ್ವಿಚ್ ಒತ್ತಿದಾಂವ ನಾನರಿ. ಎಂಥಾ ಬೆಳಕ ಬಂತಂದ್ರ, ಸೂರ್ಯಾ ನಾಚಿ ಮೋಡದಾಗ ಹೊಕ್ಕ."

ಎಲ್ಲರೂ ಮೃತ್ಯುಂಜಯನತ್ತ ತಿರುಗಿದರು. ಅವನು ಹುಲಗೇಶನನ್ನು ನೋಡಿದ, ಕಣ್ಣೊರೆಸಿಕೊಂಡ.

"ಹೌದ್ರಿ. ಅವರ ಒತ್ತಿದ್ರು."

ಹುಲಗೇಶನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಇಷ್ಟು ವರ್ಷ ಅವಳ ಮಾತನ್ನೆಲ್ಲ ಬಾಚಿಕೊಂಡವನು ಈಗ ತನಗೆ ಒಂದು ಸುಳ್ಳನ್ನು ಭಿಕ್ಷೆ ಹಾಕಿದ್ದ.

ಅತ್ತೆ ಗುತ್ತೆವ್ವ ಸೆರಗಿನಿಂದ ಮುಖ ತೆಗೆದಳು. "ಎಂಥಾ ಬೆಳಕರಿ, ಅಳಿಯಂದ್ರ? 'ಅದು ಕಣ್ಣಿಗೆ ಕಾಣಂಗಿಲ್ಲವ್ವಾ, ಹಸಿ ಕಾಗದ ಹಿಡದ್ರ ಬೆಚ್ಚಗ ಆಗತೈತಿ, ಅಷ್ಟ' ಅಂತಿದ್ಲು ನನ್ನ ಮಗಳು. ನೀವೇನ ನೋಡಿದ್ರಿ?"

ಹುಲಗೇಶ ಬಾಯಿ ತೆರೆದ. ಹಿಂದಿನ ಸುಳ್ಳನ್ನು ಮುಚ್ಚುವಷ್ಟು ದೊಡ್ಡ ಸುಳ್ಳು ಜೀವಮಾನದಲ್ಲಿ ಮೊದಲ ಸಲ ಸಿಗಲಿಲ್ಲ.

"ಗೇಟಿನ ತನಕ ಹೋಗಿದ್ದೆ, ಅತ್ತಿ," ಎಂದ. "ನನ್ನ ಕರಿಯಾಕ ಅಕಿ ಇವರ ಕೂಡ ನಕ್ಕೋಂತ ಬರಾಕತ್ತಿದ್ಲು. ಅಷ್ಟು ನಗಿ ನಮ್ಮನ್ಯಾಗ ನಾ ಕಂಡಿದ್ದಿಲ್ಲ. ಆ ಮೇಡಮ್ಮಾರಿಗೆ ನೀವು ಏನಾಗಬೇಕ್ರಿ ಅಂತ ಕಾವಲಾಂವ ಕೇಳಿದ. ಏನೂ ಆಗಂಗಿಲ್ಲಂದು ಬಸ್ ಹತ್ತಿದೆ."

ಮೃತ್ಯುಂಜಯ ಹಿಂದೆ ಸರಿದು ಕುಣಿಯ ಅಂಚನ್ನು ಬಿಟ್ಟುಕೊಟ್ಟ. ಹುಲಗೇಶ ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ಮುಷ್ಟಿ ಬಿಚ್ಚಿದ. ಬೆವರಿಗೆ ಹತ್ತಿದ ಮಣ್ಣು ಅಂಗೈಯನ್ನು ಬಿಡಲಿಲ್ಲ.